ತಿರುವನ್ನು ಕಲಿಸುವ ಬೈಕು

ರೇಸ್ ಟ್ರ್ಯಾಕ್ ಎಂದರೆ ಎದುರಿನಿಂದ ವಾಹನ ಬಾರದ, ಗುಂಡಿ-ಹಂಪುಗಳಿಲ್ಲದ, ಪಾದಚಾರಿಗಳಾಗಲಿ ದನಕರುಗಳಾಗಲಿ ಅಡ್ಡ ಬಾರದ, ಹಾದಿ ತಪ್ಪಿ ಜಾರಿದವರು ತಡೆಗೋಡೆಗೆ ಬಡಿಯುವ ಮುನ್ನವೇ ನಿಧಾನಗೊಳ್ಳಲೆಂದು ಅಂಚಿನಲ್ಲಿ ಬಯಲು ಬಿಟ್ಟಿರುವ ಡಾಂಬರಿನ ಸುತ್ತುದಾರಿ. ಬೈಕಿನ ವೇಗವನ್ನು ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷಿಸುವುದು ತಮ್ಮ ಜೀವಕ್ಕೂ ಇತರರ ಜೀವಕ್ಕೂ ಅಪಾಯವೆಂದು ಅರಿತ ಸವಾರರು ಈಚಿನ ವರ್ಷಗಳಲ್ಲಿ ಇಂಥ ಟ್ರ್ಯಾಕುಗಳತ್ತ ಮುಖಮಾಡುತ್ತಿರುವುದು ಸಂತೋಷದ ಸಂಗತಿ. ಅವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಯಾವ ಬೈಕು ಎಂಬುದು; ಆ ಪ್ರಶ್ನೆಗೆ ಬಹುಮಂದಿ ಕಂಡುಕೊಳ್ಳುವ ಉತ್ತರವಾದರೋ ತಮ್ಮ ಕೈಗೆಟುಕುವ ಅತಿ ಬಲಶಾಲಿ ಬೈಕು. ಟ್ರ್ಯಾಕ್ ಇರುವುದೇ ವೇಗಕ್ಕಾಗಿ, ವೇಗ ಬರುವುದು ಇಂಜಿನ್ನಿನಿಂದ, ಆದುದರಿಂದ ದೊಡ್ಡ ಇಂಜಿನ್ನೇ ಲೇಸು ಎಂಬ ಈ ತರ್ಕ ಮೇಲ್ನೋಟಕ್ಕೆ ಸರಿಯೆನಿಸಿದರೂ ಕಲಿಕೆಯ ದೃಷ್ಟಿಯಿಂದ ಅದು ತಲೆಕೆಳಗಾದ ತರ್ಕ.

ಅದೇಕೆ ಹಾಗೆಂದು ತಿಳಿಯಲು ಟ್ರ್ಯಾಕಿನಲ್ಲಿ ಒಂದು ದಿನ ಏನು ನಡೆಯುತ್ತದೆಂಬುದನ್ನು ನೋಡಬೇಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್, ಹಳಬರ ಬಾಯಲ್ಲಿ ಎಂಎಂಆರ್‌ಟಿ, 3.717 ಕಿಲೋಮೀಟರ್ ಉದ್ದದ, ಹನ್ನೆರಡು ತಿರುವುಗಳ ಹಾದಿ. ಕರ್ನಾಟಕದಲ್ಲಿ ಈ ಪ್ರಮಾಣದ ಸ್ಥಾಯೀ ಟ್ರ್ಯಾಕ್ ಇಲ್ಲದಿರುವುದರಿಂದ ಬೆಂಗಳೂರಿನ ಸವಾರರು ಸುಮಾರು ಮುನ್ನೂರು ಕಿಲೋಮೀಟರ್ ದೂರದ ಇಲ್ಲಿಗೋ, ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ 2.1 ಕಿಲೋಮೀಟರ್ ಉದ್ದದ ಕರಿ ಮೋಟರ್ ಸ್ಪೀಡ್‌ವೇಗೋ ಹೋಗಬೇಕಾಗುತ್ತದೆ. ಸ್ಪರ್ಧೆಯಿಲ್ಲದೆ, ಶುಲ್ಕ ಕಟ್ಟಿದ ಸವಾರರೆಲ್ಲ ತಮ್ಮ ತಮ್ಮ ಮಟ್ಟದ ಗುಂಪಿನಲ್ಲಿ ಓಡಿಸಲು ಅವಕಾಶವಿರುವ ದಿನಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಅದರಲ್ಲಿ ಪ್ರತಿ ಗುಂಪಿಗೂ ಹದಿನೈದಿಪ್ಪತ್ತು ನಿಮಿಷಗಳ ಅವಧಿಗಳು ಸರದಿಯಂತೆ ಬರುತ್ತವೆ. ಹೊಸಬರೊಬ್ಬರು ಇರುಂಗಾಟ್ಟುಕೋಟ್ಟೈಯ ಒಂದು ಸುತ್ತನ್ನು ಎರಡೂವರೆ ನಿಮಿಷದಲ್ಲಿ ಮುಗಿಸುತ್ತಾರೆಂದು ಇಟ್ಟುಕೊಂಡರೆ ಇಪ್ಪತ್ತು ನಿಮಿಷಕ್ಕೆ ಎಂಟು ಸುತ್ತು, ಎಂದರೆ 96 ತಿರುವು; ದಿನಕ್ಕೆ ಐದು ಅವಧಿಗಳಾದರೆ 480 ತಿರುವು. ದಿನವೆಲ್ಲ ನಡೆಯುವುದು ತಿರುವಿನ ಅಭ್ಯಾಸವೇ ಹೊರತು ನೇರ ಹಾದಿಯ ಓಟವಲ್ಲ. ನೇರ ಹಾದಿಯಲ್ಲಿ ಆಕ್ಸಿಲರೇಟರ್ ತಿರುವಿ ಹಿಡಿದು ಕೂರುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಎಲ್ಲಿ ಬ್ರೇಕು ಹಿಡಿಯಬೇಕು, ಎಲ್ಲಿ ಬಿಡಬೇಕು, ಯಾವ ಬಿಂದುವಿನಲ್ಲಿ ಬೈಕನ್ನು ವಾಲಿಸಬೇಕು, ಕಣ್ಣು ಎಲ್ಲಿರಬೇಕು, ಯಾವಾಗ ಮತ್ತೆ ಆಕ್ಸಿಲರೇಟರ್ ತೆರೆಯಬೇಕು ಎಂಬುದೇ ವಿದ್ಯೆ, ಮತ್ತು ಈ ಐದೂ ತಿರುವಿಗೆ ಸೇರಿದವು. ಆದ್ದರಿಂದ ಮೊದಲ ಬೈಕನ್ನು ಅಳೆಯಬೇಕಾದ ಕೋಲು ಅದರ ಗರಿಷ್ಠ ವೇಗವಲ್ಲ, ಈ 480 ತಿರುವುಗಳಲ್ಲಿ ಅದು ಎಷ್ಟನ್ನು ಪಾಠವಾಗಿ ಮಾಡಿಕೊಡುತ್ತದೆ ಎಂಬುದು.

ತಿರುವಿನಲ್ಲಿ ಬೈಕು ವಾಲುವುದು ಅಂದಕ್ಕಾಗಿ ಅಲ್ಲ. ನಾಲ್ಕು ಗಾಲಿಯ ವಾಹನ ಸುಮ್ಮನೆ ಚಕ್ರ ತಿರುಗಿಸಿ ತಿರುಗಬಲ್ಲದು. ಎರಡು ಗಾಲಿಯದು ಹಾಗೆ ಮಾಡಿದರೆ ಹೊರಕ್ಕೆ ಮಗುಚಿಕೊಳ್ಳುತ್ತದೆ, ಆದುದರಿಂದ ಹೊರಕ್ಕೆ ದೂಡುವ ಪ್ರವೃತ್ತಿಗೆ ಸಮನಾಗುವಷ್ಟು ಅದು ಒಳಕ್ಕೆ ಒರಗಲೇಬೇಕು. ಎಷ್ಟು ಒರಗಬೇಕೆಂಬುದು ವೇಗದ ವರ್ಗವನ್ನೂ ತಿರುವಿನ ತ್ರಿಜ್ಯವನ್ನೂ ಅವಲಂಬಿಸಿದೆ. ಟೈರಿನ ಅಗಲ ಮತ್ತು ಸವಾರರ ಭಂಗಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೇಳುವುದಾದರೆ, 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಸುಮಾರು 26 ಡಿಗ್ರಿ ವಾಲಿದರೆ ಸಾಕು, 60ಕ್ಕೆ 35 ಡಿಗ್ರಿ ಬೇಕು, 70ಕ್ಕೆ 44 ಡಿಗ್ರಿ ಬೇಕು. ಸ್ಪೀಡೋಮೀಟರಿನ ಮೇಲೆ ಅಲ್ಪವಾಗಿ ಕಾಣುವ ಹತ್ತು ಕಿಲೋಮೀಟರಿನ ವ್ಯತ್ಯಾಸ ತಿರುವಿನೊಳಗೆ ಒಂಬತ್ತು ಡಿಗ್ರಿಗಳ ವ್ಯತ್ಯಾಸವಾಗುತ್ತದೆ, ಮತ್ತು 44 ಡಿಗ್ರಿಯಲ್ಲಿ ಟೈರು ಅಡ್ಡಲಾಗಿ ಹೊರಬೇಕಾದ ಬಲ ಬೈಕು ಹಾಗೂ ಸವಾರರ ಒಟ್ಟು ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಈ ಎಲ್ಲ ಬಲವನ್ನೂ ನೆಲಕ್ಕೆ ಮುಟ್ಟಿಸುವುದು ಒಂದೊಂದು ಟೈರಿನಲ್ಲಿ ಅಂಗೈಯಗಲಕ್ಕಿಂತ ದೊಡ್ಡದಲ್ಲದ ರಬ್ಬರಿನ ತುಣುಕು. ಅಷ್ಟು ಚಿಕ್ಕ ತುಣುಕಿಗೆ ತಿರುಗಿಸುವ ಕೆಲಸ, ನಿಲ್ಲಿಸುವ ಕೆಲಸ, ಮುಂದೂಡುವ ಕೆಲಸ ಮೂರೂ ಸೇರಿ ಒಂದೇ ಜೇಬಿನ ದುಡ್ಡು. ಒಂದಕ್ಕೆ ಹೆಚ್ಚು ಖರ್ಚಾದರೆ ಇನ್ನೊಂದಕ್ಕೆ ಉಳಿಯುವುದು ಕಡಿಮೆ. ವಾಲಿರುವಾಗ ಹಠಾತ್ತನೆ ಮುಂದಿನ ಬ್ರೇಕು ಹಿಡಿದರೆ ಮುಂಗಾಲಿ ಜಾರಿ ಬೈಕು ಒಳಬದಿಗೇ ಮಲಗಿಬಿಡುತ್ತದೆ. ಇದನ್ನು ಸವಾರರು ಲೋಸೈಡ್ ಎನ್ನುತ್ತಾರೆ. ವಾಲಿರುವಾಗ ಹಠಾತ್ತನೆ ಆಕ್ಸಿಲರೇಟರ್ ತೆರೆದರೆ ಹಿಂಗಾಲಿ ಹಿಡಿತ ಬಿಟ್ಟು ಪಕ್ಕಕ್ಕೆ ಸರಿದು, ಗಾಬರಿಯಿಂದ ಆಕ್ಸಿಲರೇಟರ್ ಮುಚ್ಚಿದೊಡನೆ ಮತ್ತೆ ಹಿಡಿತ ಸಿಕ್ಕಿ, ಬೈಕು ಚಿಮ್ಮಿ ಸವಾರರನ್ನು ಮೇಲಕ್ಕೆಸೆಯುತ್ತದೆ. ಇದು ಹೈಸೈಡ್, ಎರಡರಲ್ಲಿ ಹೆಚ್ಚು ಭೀಕರವಾದದ್ದು.

ಇಲ್ಲಿಯೇ ಇಂಜಿನ್ನಿನ ಬಲದ ಪ್ರಶ್ನೆ ಬರುತ್ತದೆ. ಯಮಾಹಾ ಆರ್15ರಂಥ 155 ಸಿಸಿಯ ಬೈಕಿನ ಗರಿಷ್ಠ ಬಲ ಹದಿನೆಂಟು ಅಶ್ವಶಕ್ತಿಯ ಆಸುಪಾಸಿನದು. ಸಾವಿರ ಸಿಸಿಯ ಈ ಕಾಲದ ಸೂಪರ್‌ಬೈಕಿನದು ಇನ್ನೂರರ ಆಸುಪಾಸಿನದು. ಹೊಸಬರ ಮುಂಗೈ ತಿರುವಿನ ಮಧ್ಯದಲ್ಲಿ ಹೆದರಿಕೆಯಿಂದ ಒಂದಿಷ್ಟು ನಡುಗುವುದು ಸಹಜ, ಆ ನಡುಕ ಮೊದಲನೆಯದರಲ್ಲಿ ಹಿಂಗಾಲಿಗೆ ತಲುಪುವಾಗ ಒಂದು ಸಣ್ಣ ತಡವರಿಕೆಯಾಗಿರುತ್ತದೆ, ಎರಡನೆಯದರಲ್ಲಿ ಅದೇ ನಡುಕ ಹಿಂಗಾಲಿಯನ್ನು ಜಾರಿಸಲು ಸಾಕಾಗುತ್ತದೆ. ದೊಡ್ಡ ಬೈಕುಗಳಲ್ಲಿ ಇಂಥ ಜಾರುವಿಕೆಯನ್ನು ಗುರುತಿಸಿ ಇಂಜಿನ್ನಿನ ಬಲವನ್ನು ತಾನಾಗಿಯೇ ಇಳಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವಿದ್ಯುನ್ಮಾನ ವ್ಯವಸ್ಥೆ ಇರುತ್ತದೆ ಎಂಬುದು ನಿಜ, ಅದು ಜೀವ ಉಳಿಸುತ್ತದೆ ಎಂಬುದೂ ನಿಜ. ಆದರೆ ಅದು ತಪ್ಪನ್ನು ಸರಿಪಡಿಸುತ್ತದೆಯೇ ಹೊರತು ತಪ್ಪಾಯಿತೆಂದು ಕೈಗೆ ಕಲಿಸುವುದಿಲ್ಲ, ಹಾಗಾಗಿ ಕಲಿಯುವವರಿಗೆ ಅದರಿಂದ ಸಿಗುವ ರಕ್ಷಣೆಯಷ್ಟೇ ಅದರಿಂದ ಆಗುವ ಮರೆಯೂ ದೊಡ್ಡದು. ಬೀಳುವಾಗ ಬೈಕು ಹೊತ್ತಿರುವ ಚಲನಶಕ್ತಿಯ ಲೆಕ್ಕವೂ ಇದೇ ದಿಕ್ಕಿನದು. ಸುಮಾರು 140 ಕಿಲೋ ತೂಗುವ ಸಣ್ಣ ಬೈಕು 70 ಕಿಲೋ ತೂಕದ ಸವಾರರೊಡನೆ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿದ್ದಾಗ ಇರುವ ಶಕ್ತಿಗಿಂತ, 200 ಕಿಲೋ ತೂಗುವ ದೊಡ್ಡ ಬೈಕು ಅದೇ ಸವಾರರೊಡನೆ 240ರ ವೇಗದಲ್ಲಿದ್ದಾಗ ಇರುವ ಶಕ್ತಿ ಐದು ಪಟ್ಟು ಹೆಚ್ಚು. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಕರಗಬೇಕು, ಇಲ್ಲವೇ ಬಯಲಿನ ಮಣ್ಣಿನಲ್ಲಿ, ಅದೂ ಸಾಲದಿದ್ದರೆ ತಡೆಗೋಡೆಯಲ್ಲಿ.

ಅಪಾಯವನ್ನು ಬದಿಗಿಟ್ಟರೂ ಕಲಿಕೆಯದೇ ಆದ ಇನ್ನೊಂದು ಕಾರಣವಿದೆ, ಮತ್ತು ಅದೇ ಮುಖ್ಯವಾದದ್ದು. ದೊಡ್ಡ ಇಂಜಿನ್ನಿನ ಬೈಕಿನಲ್ಲಿ ತಿರುವನ್ನು ಅನಗತ್ಯವಾಗಿ ನಿಧಾನಿಸಿ, ಕೆಟ್ಟ ಹಾದಿಯಲ್ಲಿ ಹಾಯ್ದು, ತಡವಾಗಿ ಹೊರಬಿದ್ದರೂ ನೇರ ಹಾದಿಯಲ್ಲಿ ಒಮ್ಮೆ ಮುಂಗೈ ತಿರುವಿದರೆ ಕಳೆದುಕೊಂಡ ಸಮಯದ ಬಹುಪಾಲು ಮರಳಿ ಬರುತ್ತದೆ, ಇತರರನ್ನು ಹಿಂದಿಕ್ಕುವ ಸಂತೋಷವೂ ದೊರೆಯುತ್ತದೆ, ತಿರುವಿನಲ್ಲಿ ಆದ ತಪ್ಪು ತಪ್ಪೆಂದೇ ಅನಿಸುವುದಿಲ್ಲ. ಸಣ್ಣ ಇಂಜಿನ್ನಿನ ಬೈಕಿನಲ್ಲಿ ತಿರುವಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ಕಳೆದುಕೊಂಡರೆ ಮುಂದಿನ ನೇರ ಹಾದಿ ಮುಗಿಯುವವರೆಗೂ ಅದನ್ನು ಮರಳಿ ಪಡೆಯಲಾಗುವುದಿಲ್ಲ. ಸ್ಟಾಪ್‌ವಾಚು ಅದನ್ನು ಮರುಸುತ್ತಿನಲ್ಲಿಯೇ ಹೇಳಿಬಿಡುತ್ತದೆ. ತಿರುವಿನ ವೇಗವನ್ನು ಉಳಿಸಿಕೊಳ್ಳುವುದೊಂದೇ ಸಣ್ಣ ಬೈಕಿನಲ್ಲಿ ಮುಂದೆ ಹೋಗುವ ದಾರಿಯಾದ್ದರಿಂದ ಸವಾರರು ಅದನ್ನು ಕಲಿಯದೆ ವಿಧಿಯಿಲ್ಲ. 1980ರಲ್ಲಿ ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲನ್ನು ಆರಂಭಿಸಿದ, ಬೈಕು ಸವಾರಿಯ ಬೋಧನೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಪ್ರಮುಖರಾದ ಕೀತ್ ಕೋಡ್ ಅವರು ಸವಾರರ ಗಮನವನ್ನು ಹತ್ತು ಡಾಲರಿನ ನೋಟಿಗೆ ಹೋಲಿಸಿದ್ದಾರೆ: ಭಯಕ್ಕೆ ಎಂಟು ಡಾಲರ್ ಹೋದರೆ ಬ್ರೇಕಿಗೂ ಹಾದಿಗೂ ಕಣ್ಣಿಗೂ ಹಂಚಲು ಉಳಿಯುವುದು ಎರಡೇ. ತನ್ನ ಬಲದಿಂದ ಹೆದರಿಸುವ ಬೈಕು ಆ ನೋಟನ್ನು ತಾನೇ ಕಿತ್ತುಕೊಳ್ಳುತ್ತದೆ. ಇದು ಹೊಸಬರ ಸಮಾಧಾನಕ್ಕಾಗಿ ಹುಟ್ಟಿದ ವಾದವಲ್ಲವೆಂಬುದಕ್ಕೆ ವೃತ್ತಿಪರರ ಜಗತ್ತೇ ಸಾಕ್ಷಿ. ಬೈಕು ರೇಸಿನ ಅತ್ಯುನ್ನತ ವರ್ಗವಾದ ಮೋಟೊಜಿಪಿಯ ಹಾದಿಗೆ ಮಕ್ಕಳನ್ನು ತಯಾರಿಸಲು 2021ರಲ್ಲಿ ಆರಂಭವಾದ ಎಫ್‌ಐಎಂ ಮಿನಿಜಿಪಿ ಸರಣಿಯಲ್ಲಿ ಬಳಸುವುದು ಇಟಲಿಯ ಓವಾಲೆ ಕಂಪನಿಯ 160 ಸಿಸಿಯ, ಹತ್ತಿಂಚಿನ ಗಾಲಿಗಳ ಪುಟ್ಟ ಬೈಕನ್ನು.

ಹೀಗಾಗಿ ಭಾರತದಲ್ಲಿ ಸಿಗುವ ಬೈಕುಗಳಲ್ಲಿ ಹೊಸಬರಿಗೆ ತಕ್ಕವನ್ನು ಹುಡುಕುವಾಗ 150ರಿಂದ 390 ಸಿಸಿಯವರೆಗಿನ ವ್ಯಾಪ್ತಿಯನ್ನು ಮೀರುವ ಅಗತ್ಯವಿಲ್ಲ. 2008ರಲ್ಲಿ ಬಂದ ಯಮಾಹಾ ಆರ್15 ಈ ವಿಷಯದಲ್ಲಿ ನಮ್ಮ ದೇಶಕ್ಕೆ ದೊಡ್ಡ ಉಪಕಾರ ಮಾಡಿದ ಗಾಡಿ ಎಂದರೆ ತಪ್ಪಾಗದು. ಅದಕ್ಕೂ ಮೊದಲು ಸಾಧಾರಣ ಆದಾಯದವರ ಕೈಗೆ ಸಿಗುತ್ತಿದ್ದದ್ದು ಬಹುಮಟ್ಟಿಗೆ ಕಚೇರಿಗೆ ಹೋಗಿಬರಲೆಂದು ರೂಪುಗೊಂಡ ಬೈಕುಗಳು. ಆರ್15 ಮಾತ್ರ ಗಟ್ಟಿಯಾದ ಡೆಲ್ಟಾಬಾಕ್ಸ್ ಫ್ರೇಮು, ನೀರು ತಂಪುಮಾಡುವ ಇಂಜಿನ್, ಆರು ಗೇರು, ಮುಂದಕ್ಕೆ ಬಾಗಿ ಕೂರುವ ಭಂಗಿ ಇವನ್ನೆಲ್ಲ ಸಣ್ಣ ಗಾತ್ರದಲ್ಲಿ ತಂದುಕೊಟ್ಟಿತು. 2018ರ ಮೂರನೆಯ ಆವೃತ್ತಿಯಿಂದ ಇದಕ್ಕೆ ಸ್ಲಿಪ್ಪರ್ ಕ್ಲಚ್ಚೂ ಸೇರಿತು. ತಿರುವಿಗೆ ಮುನ್ನ ಗೇರನ್ನು ಬೇಗಬೇಗನೆ ಇಳಿಸಿದಾಗ ಇಂಜಿನ್ನಿನ ಎಳೆತ ಹಿಂಗಾಲಿಯನ್ನು ಹಿಡಿದು ಅದು ಕುಣಿಯುವಂತೆ ಮಾಡುತ್ತದೆ; ಆ ಎಳೆತ ಮಿತಿಮೀರಿದೊಡನೆ ತುಸು ಜಾರಿಕೊಟ್ಟು ಗಾಲಿಯನ್ನು ಶಾಂತವಾಗಿಡುವ ಕ್ಲಚ್ಚೇ ಸ್ಲಿಪ್ಪರ್ ಕ್ಲಚ್. ಕಡಿಮೆ ತೂಕ, ಎಲ್ಲ ಊರಿನಲ್ಲಿಯೂ ಸಿಗುವ ಬಿಡಿಭಾಗ, ಇದನ್ನು ಬಿಚ್ಚಿ ಜೋಡಿಸಿ ಬಲ್ಲ ಮೆಕ್ಯಾನಿಕ್ಕುಗಳು, ಎಷ್ಟೋ ಮಂದಿ ಇದರಲ್ಲೇ ಕಲಿತು ಬಿಟ್ಟುಹೋಗಿರುವ ಅನುಭವ, ಇವೆಲ್ಲವನ್ನೂ ಕೂಡಿಸಿ ನೋಡಿದರೆ ಪೂರ್ಣ ಹೊಸಬರಿಗೆ ಇದಕ್ಕಿಂತ ಒಪ್ಪುವ ಗಾಡಿಯನ್ನು ಹೆಸರಿಸುವುದು ಕಷ್ಟ.

ಒಂದು ಮೆಟ್ಟಿಲು ಮೇಲಕ್ಕೆ, 2017ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಟಿವಿಎಸ್ ಅಪಾಚೆ ಆರ್‌ಆರ್ 310 ಇದೆ. ಬಿಎಂಡಬ್ಲ್ಯು ಜೊತೆಗಿನ ಸಹಯೋಗದಿಂದ ರೂಪುಗೊಂಡು ಕರ್ನಾಟಕದ ಗಡಿಗೆ ತಾಗಿರುವ ಹೊಸೂರಿನಲ್ಲಿ ತಯಾರಾಗುವ ಇದರ 312 ಸಿಸಿ ಇಂಜಿನ್ ಮೊದಲ ಆವೃತ್ತಿಯಲ್ಲಿ 34 ಅಶ್ವಶಕ್ತಿ ಕೊಡುತ್ತಿತ್ತು. 1982ರಿಂದ ರೇಸಿನಲ್ಲಿ ತೊಡಗಿರುವ ಕಂಪನಿಯ ಅನುಭವ ಇದರ ಹಿಂದಿದೆ. ಟ್ರ್ಯಾಕಿನಲ್ಲಿ ಇದು ಅವಸರಪಡಿಸದೆ, ಹೇಳಿದ ಕಡೆ ತಿರುಗುವ ಸ್ಥಿರ ಸ್ವಭಾವದ ಗಾಡಿ. 2014ರಲ್ಲಿ ಬಂದ ಕೆಟಿಎಂ ಆರ್‌ಸಿ 390 ಇದಕ್ಕಿಂತ ಬಲಶಾಲಿ, 373 ಸಿಸಿಗೆ ಸುಮಾರು 43 ಅಶ್ವಶಕ್ತಿ. ಹಗುರವೂ ಚುರುಕೂ ಆದ ಇದು ಕಲಿತವರ ಕೈಯಲ್ಲಿ ಅದ್ಭುತವಾದರೂ ಒಂದೇ ಸಿಲಿಂಡರಿನಿಂದ ಅಷ್ಟು ಬಲ ಧುಮ್ಮಿಕ್ಕುವ ಕಾರಣ ಮೊದಲ ಕೆಲವು ದಿನಗಳಿಗೆ ತುಸು ಒರಟು. ಎರಡು ಸಿಲಿಂಡರಿನ ಕವಾಸಾಕಿ ನಿಂಜಾ 300 ಬಲದಲ್ಲಿ ಇವೆರಡರ ನಡುವಿನದು, ಮೃದುತ್ವದಲ್ಲಿ ಎರಡಕ್ಕಿಂತಲೂ ಮೇಲು. ಇಲ್ಲಿ ಬಿಡಿಭಾಗಗಳ ಬೆಲೆಯನ್ನು ಮುಂಚೆಯೇ ವಿಚಾರಿಸಿಕೊಳ್ಳಬೇಕು. ದೆಹಲಿ ಬಳಿಯ ಗ್ರೇಟರ್ ನೊಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್ಟಿನಂಥ, 5.125 ಕಿಲೋಮೀಟರ್ ಸುತ್ತಿನ, ಒಂದು ಕಿಲೋಮೀಟರಿಗೂ ಮಿಕ್ಕ ನೇರ ಹಾದಿಯಿರುವ ಟ್ರ್ಯಾಕಿನಲ್ಲೇ ಹೆಚ್ಚಾಗಿ ಓಡಿಸುವವರಿಗೆ 300ರ ಮೇಲಿನ ಗಾಡಿ ಸೂಕ್ತವಾಗುತ್ತದೆ, ಅಲ್ಲಿ 150ರ ಬೈಕು ನೇರ ಹಾದಿಯಲ್ಲಿ ಬಹಳ ಹೊತ್ತು ಸುಮ್ಮನೆ ಓಡುತ್ತಿರುತ್ತದೆ. ಮೇಲೆ ಹೇಳಿದ ದಕ್ಷಿಣದ ಎರಡು ಟ್ರ್ಯಾಕುಗಳಿಗೆ, ವಿಶೇಷವಾಗಿ ಕೊಯಮತ್ತೂರಿನ ಚಿಕ್ಕ ಸುತ್ತಿಗೆ, ಸಣ್ಣ ಬೈಕೇ ಸಾಕು. ಬೆಂಗಳೂರಿನ ಹೊರವಲಯದ ಗೋ-ಕಾರ್ಟ್ ಟ್ರ್ಯಾಕುಗಳಲ್ಲಿ ನಡೆಯುವ ಬೈಕು ತರಬೇತಿಗಂತೂ ಅದಕ್ಕಿಂತ ದೊಡ್ಡದು ಅಡಚಣೆಯೇ.

ಕನ್ನಡ ನಾಡಿನಲ್ಲಿ ಯಮಾಹಾ ಆರ್‌ಎಕ್ಸ್100ರ ಮೇಲಿರುವ ಮಮತೆಯನ್ನು ಬಲ್ಲವರು ಅದರ ಹೆಸರನ್ನೂ ಇಲ್ಲಿ ನಿರೀಕ್ಷಿಸಬಹುದು. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಆ 98 ಸಿಸಿಯ ಟೂ-ಸ್ಟ್ರೋಕ್ ಗಾಡಿಯ ಹಗುರತನ, ಚಿಮ್ಮುವ ಗುಣ, ಸದ್ದು ಒಂದು ತಲೆಮಾರಿನ ನೆನಪಿನಲ್ಲಿ ಅಳಿಯದೆ ಉಳಿದಿವೆ. ಆದರೂ ಇಂದು ಟ್ರ್ಯಾಕಿನ ಮೊದಲ ಪಾಠಕ್ಕೆ ಅದು ಒಪ್ಪುವುದಿಲ್ಲ. ಎರಡೂ ಗಾಲಿಗೆ ಡ್ರಮ್ ಬ್ರೇಕು, ಟೂ-ಸ್ಟ್ರೋಕ್ ಆದ್ದರಿಂದ ಆಕ್ಸಿಲರೇಟರ್ ಮುಚ್ಚಿದಾಗ ಬೈಕನ್ನು ಹಿಡಿದು ನಿಲ್ಲಿಸುವ ಇಂಜಿನ್ ಎಳೆತದ ಕೊರತೆ, ತೆಳುವಾದ ಫೋರ್ಕು, ಸಣ್ಣ ಟೈರು, ಇವು ಕಲಿಸುವ ಅಭ್ಯಾಸಗಳು ಮುಂದಿನ ಬೈಕಿಗೆ ಸಲ್ಲುವುದಿಲ್ಲ. ಮೇಲಾಗಿ ಸುಸ್ಥಿತಿಯಲ್ಲಿರುವ ಆರ್‌ಎಕ್ಸ್ ಈಗ ಸಂಗ್ರಾಹಕರ ವಸ್ತು, ಅದನ್ನು ಡಾಂಬರಿನ ಮೇಲೆ ಉಜ್ಜಿ ಹಾಳುಮಾಡುವುದು ನ್ಯಾಯವೂ ಅಲ್ಲ. ರಾಯಲ್ ಎನ್‌ಫೀಲ್ಡಿನ ಕಾಂಟಿನೆಂಟಲ್ ಜಿಟಿ 650 ಗಾಡಿಗಳಿಗಾಗಿ 2021ರಿಂದ ಪ್ರತ್ಯೇಕ ಸ್ಪರ್ಧೆಯೇ ನಡೆದಿದೆ ಎಂಬುದು ನಿಜವಾದರೂ ರಸ್ತೆಯ ರೂಪದಲ್ಲಿ ಇನ್ನೂರು ಕಿಲೋ ಮೀರುವ ಅದರ ತೂಕ ದಿನದ ಮೂರನೆಯ ಅವಧಿಯ ಹೊತ್ತಿಗೆ ಹೊಸಬರ ತೋಳನ್ನು ಸೋಲಿಸುತ್ತದೆ, ಸೋತ ತೋಳಿನಿಂದ ಕಲಿಕೆ ಸಾಗುವುದಿಲ್ಲ.

ಯಾವ ಹೆಸರಿನ ಗಾಡಿಯೇ ಆಗಲಿ, ಮೈಕಟ್ಟಿಗೆ ಒಪ್ಪದಿದ್ದರೆ ಪ್ರಯೋಜನವಿಲ್ಲ. ಟ್ರ್ಯಾಕಿನಲ್ಲಿ ಸವಾರರು ಹ್ಯಾಂಡಲಿಗೆ ಜೋತುಬೀಳದೆ, ಹೊರಬದಿಯ ತೊಡೆ ಮತ್ತು ಮೊಣಕಾಲನ್ನು ಟ್ಯಾಂಕಿಗೆ ಒತ್ತಿ ಹಿಡಿದು, ದೇಹದ ಭಾರವನ್ನು ಫುಟ್‌ರೆಸ್ಟಿನ ಮೇಲೆ ಹೊರಬೇಕಾಗುತ್ತದೆ. ಟ್ಯಾಂಕಿನ ಆಕಾರ ಮೊಣಕಾಲಿಗೆ ಆಸರೆ ಕೊಡದಿದ್ದರೆ ಭಾರವೆಲ್ಲ ಮುಂಗೈಗೆ ಬಂದು, ಮುಂಗೈ ಬಿಗಿಯಾಗಿ, ಹ್ಯಾಂಡಲು ಸ್ವತಂತ್ರವಾಗಿ ಆಡುವುದು ತಪ್ಪುತ್ತದೆ. ಫುಟ್‌ರೆಸ್ಟು ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಬೇಕು, ಏಕೆಂದರೆ ದಿನಬಳಕೆಯ ಬೈಕುಗಳಲ್ಲಿ ಅದು ಕೆಳಗಿದ್ದು ತುಸು ಹೆಚ್ಚು ವಾಲಿಸಿದೊಡನೆ ನೆಲಕ್ಕೆ ಉಜ್ಜುತ್ತದೆ. ಮಡಚಿಕೊಳ್ಳದ ಸ್ಟ್ಯಾಂಡು ಅಥವಾ ಸೈಲೆನ್ಸರ್ ಉಜ್ಜಿದರೆ ಗಾಲಿಯೇ ನೆಲ ಬಿಟ್ಟೇಳುವ ಅಪಾಯವಿದೆ. ಬ್ರೇಕಿನ ವಿಷಯದಲ್ಲಿ ಎಬಿಎಸ್, ಎಂದರೆ ಗಾಲಿ ಪೂರ್ಣ ಕಚ್ಚಿ ನಿಲ್ಲದಂತೆ ಒತ್ತಡವನ್ನು ಬಿಟ್ಟುಬಿಟ್ಟು ಹಿಡಿಯುವ ವ್ಯವಸ್ಥೆ, ಇರುವುದು ಹೊಸಬರಿಗೆ ಒಳಿತು. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಇದು ಕಡ್ಡಾಯವಾಗಿರುವುದರಿಂದ ಹಳೆಯ ಗಾಡಿ ಕೊಳ್ಳುವವರು ಅದರ ತಯಾರಿಕೆಯ ವರ್ಷವನ್ನು ಈ ಕಾರಣಕ್ಕೂ ಗಮನಿಸಬೇಕು.

ಹಳೆಯ ಗಾಡಿಯನ್ನೇ ಕೊಳ್ಳುವುದು ಲೇಸು. ಟ್ರ್ಯಾಕಿನಲ್ಲಿ ಕಲಿಯುವವರು ಎಂದಾದರೊಮ್ಮೆ ಬೀಳುತ್ತಾರೆಂದು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕುವುದು ವಿವೇಕ. ಹಾಗೆ ಲೆಕ್ಕ ಹಾಕಿದರೆ ಬೈಕಿನ ನಿಜವಾದ ಬೆಲೆ ಅಂಗಡಿಯಲ್ಲಿ ಕೊಟ್ಟ ಹಣವಲ್ಲ, ಒಮ್ಮೆ ಬಿದ್ದಾಗ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಲು ಬೇಕಾಗುವ ಹಣವೂ ಸೇರಿದ್ದು. ಹೊಸ ಬೈಕಿನ ಹೊಳೆಯುವ ಫೇರಿಂಗು, ಎಂದರೆ ಗಾಳಿಯನ್ನು ಸೀಳಲು ಮೈಗೆ ಹೊದಿಸಿದ ಪ್ಲಾಸ್ಟಿಕ್ ಕವಚ, ಒಂದು ಲೋಸೈಡಿಗೆ ಚೂರಾಗುತ್ತದೆ. ಕಂತು ತೀರದ ಗಾಡಿಯ ಮೇಲೆ ಕುಳಿತವರು ಆ ಚೂರುಗಳನ್ನೇ ನೆನೆಯುತ್ತ ಓಡಿಸುತ್ತಾರೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಸಾಮಾನ್ಯ ವಾಹನ ವಿಮೆಯ ಷರತ್ತುಗಳು ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಗಳನ್ನು ಹೊರಗಿಡುತ್ತವೆ, ಆದುದರಿಂದ ಟ್ರ್ಯಾಕಿನಲ್ಲಿ ಆದ ಹಾನಿಗೆ ವಿಮೆ ಒದಗುತ್ತದೆಂದು ನಂಬಿ ಕೂರುವಂತಿಲ್ಲ.

ಹಳೆಯ ಗಾಡಿಯಲ್ಲಿ ಮೈಬಣ್ಣದ ಗೀರುಗಳನ್ನು ಕ್ಷಮಿಸಬಹುದು, ಫ್ರೇಮಿನ ಗೀರನ್ನಲ್ಲ. ಹ್ಯಾಂಡಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲಿಯೋ ತಡೆದಂತಾದರೆ ಅದರ ಬೇರಿಂಗು, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಕೋನ್ ಸೆಟ್, ಕೆಟ್ಟಿದೆ ಎಂದರ್ಥ. ಹ್ಯಾಂಡಲು ನೇರವಿದ್ದಾಗ ಮುಂಗಾಲಿ ಓರೆಯಾಗಿದ್ದರೆ ಫೋರ್ಕು ಬಾಗಿರುವ ಸಂಭವವುಂಟು, ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಫ್ರೇಮಿನ ಬೆಸುಗೆಗಳ ಸುತ್ತ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಆ ಗಾಡಿಯನ್ನು ಎಷ್ಟು ಅಗ್ಗವಾದರೂ ಬಿಡಬೇಕು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನು ಸಮೇತ ಬದಲಿಸಬೇಕಾದ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಇಂಜಿನ್ನು ಬಿಸಿಯಾಗಿರುವಾಗ ತೋರಿಸುವುದಕ್ಕಿಂತ ಬೆಳಗಿನ ಮೊದಲ ಸ್ಟಾರ್ಟ್ ಕೇಳುವುದು ಒಳ್ಳೆಯದು, ಏಕೆಂದರೆ ಟೈಮಿಂಗ್ ಚೈನಿನ ಸದ್ದು ಬಹುಮಟ್ಟಿಗೆ ಆಗ ಹೊರಬೀಳುತ್ತದೆ. ಆರ್‌ಸಿ ಪುಸ್ತಕದ ಸಂಖ್ಯೆಗಳನ್ನು ಫ್ರೇಮಿನ ಮೇಲಿನ ಸಂಖ್ಯೆಯೊಡನೆ ತಾಳೆ ನೋಡುವುದಂತೂ ಹೇಳಬೇಕಾಗಿಲ್ಲ.

ಕೊಂಡ ಮೇಲೆ ಇಂಜಿನ್ನಿನ ಬಲ ಹೆಚ್ಚಿಸಲು ಹಣ ಹಾಕುವುದು ಅತ್ಯಂತ ಸಾಮಾನ್ಯವಾದ, ಅತ್ಯಂತ ನಿಷ್ಪ್ರಯೋಜಕವಾದ ಖರ್ಚು. ಹಣ ಹೋಗಬೇಕಾದದ್ದು ಮೊದಲು ಟೈರಿಗೆ. ಕಾರ್ಖಾನೆಯಿಂದ ಬರುವ ಗಟ್ಟಿ ರಬ್ಬರಿನ ಟೈರು ಸಾವಿರಾರು ಕಿಲೋಮೀಟರ್ ಬಾಳಲೆಂದು ಮಾಡಿದ್ದು. ಮೃದು ರಬ್ಬರಿನದು ಬೇಗ ಸವೆದರೂ ಬಿಸಿಯಾದಾಗ ನೆಲವನ್ನು ಹಿಡಿದುಕೊಳ್ಳುತ್ತದೆ. ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗುವುದರಿಂದ ಟ್ರ್ಯಾಕಿನಲ್ಲಿ ಗಾಳಿಯ ಒತ್ತಡವನ್ನು ರಸ್ತೆಗಿಂತ ತುಸು ಕಡಿಮೆ ಇಟ್ಟು, ಅವಧಿ ಮುಗಿಸಿ ಬಂದೊಡನೆ ಮತ್ತೆ ಅಳೆಯುವುದು ರೂಢಿ. ಎಷ್ಟೆಂಬುದನ್ನು ಟೈರಿಗೆ ತಕ್ಕಂತೆ ತರಬೇತುದಾರರಿಂದ ಕೇಳಿ ತಿಳಿಯಬೇಕು. ಮೊದಲ ಎರಡು ಸುತ್ತುಗಳಲ್ಲಿ ಟೈರು ತಣ್ಣಗಿರುತ್ತದೆ ಎಂಬುದನ್ನು ಮರೆತವರೇ ಬೆಳಗಿನ ಹೊತ್ತು ಬೀಳುವವರಲ್ಲಿ ಹೆಚ್ಚು. ಎರಡನೆಯದು ಬ್ರೇಕು: ಹೊಸ ಪ್ಯಾಡು, ಹೊಸ ಬ್ರೇಕ್ ಆಯಿಲ್. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ, ಸುತ್ತಿನ ಮೇಲೆ ಸುತ್ತು ಬ್ರೇಕು ಕಾದಾಗ ಆ ತೇವ ಕುದಿದು ಗುಳ್ಳೆಯಾಗಿ ಲಿವರು ಹ್ಯಾಂಡಲಿನವರೆಗೂ ಮೆತ್ತಗೆ ಬಂದುಬಿಡುತ್ತದೆ. ಫ್ರೇಮಿನ ಬದಿಗೂ ಇಂಜಿನ್ನಿನ ಮುಚ್ಚಳಗಳಿಗೂ ಕಟ್ಟುವ ರಕ್ಷಕಗಳು ಬಿದ್ದಾಗಿನ ಖರ್ಚನ್ನು ಬಹಳ ಇಳಿಸುತ್ತವೆ. ರೇಡಿಯೇಟರಿನ ಕೂಲಂಟ್ ನೆಲಕ್ಕೆ ಚೆಲ್ಲಿದರೆ ಎಣ್ಣೆಯಷ್ಟೇ ಜಾರುವುದರಿಂದ ಸ್ಪರ್ಧೆಗಳಲ್ಲಿ ಅದರ ಬದಲು ನೀರನ್ನೇ ತುಂಬುವ ನಿಯಮವುಂಟು. ಹಿಂದೆ ಬರುವ ಸವಾರರ ಜೀವದ ಪ್ರಶ್ನೆ ಇದಾದ್ದರಿಂದ ಸ್ಪರ್ಧೆಯಿಲ್ಲದ ದಿನವೂ ಇದನ್ನು ಪಾಲಿಸುವುದು ಸೌಜನ್ಯ. ಕನ್ನಡಿ ತೆಗೆಯುವುದು, ಹೆಡ್‌ಲೈಟಿಗೆ ಟೇಪು ಸುತ್ತುವುದು ಅರ್ಧ ಗಂಟೆಯ ಕೆಲಸ. ಕನ್ನಡಿ-ದೀಪಗಳನ್ನು ಪೂರ್ತಿ ಕಳಚಿದ ಬೈಕು ರಸ್ತೆಗೆ ಸಲ್ಲುವುದಿಲ್ಲ, ಅದನ್ನು ಟೆಂಪೊದಲ್ಲಿ ಸಾಗಿಸಬೇಕು; ದಿನವಿಡೀ ಬಿಸಿಲಲ್ಲಿ ಓಡಿಸಿ ದಣಿದ ಸವಾರರು ಅದೇ ಸಂಜೆ ಮುನ್ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಮರಳುವುದಕ್ಕಿಂತ ಹಾಗೆ ಸಾಗಿಸುವುದೇ ಎಲ್ಲ ರೀತಿಯಿಂದಲೂ ಮೇಲು.

ಬೈಕಿಗೆಂದು ತೆಗೆದಿಟ್ಟ ಹಣದಲ್ಲಿ ಉಡುಪಿನ ಪಾಲನ್ನು ಮೊದಲು ಬೇರ್ಪಡಿಸಿ, ಉಳಿದದ್ದರಲ್ಲಿ ಬೈಕನ್ನು ಹುಡುಕುವುದು ಸರಿಯಾದ ಕ್ರಮ. ಅದು ತಲೆಕೆಳಗಾದಾಗ ಒಳ್ಳೆಯ ಬೈಕಿನ ಮೇಲೆ ಜೀನ್ಸ್ ತೊಟ್ಟ ಸವಾರರು ಬಂದು ನಿಲ್ಲುತ್ತಾರೆ, ಸಂಘಟಕರು ಅವರನ್ನು ಒಳಬಿಡುವುದಿಲ್ಲ, ಬಿಡಲೂಬಾರದು. ಮುಖವನ್ನು ಪೂರ್ಣ ಮುಚ್ಚುವ, ಗದ್ದದ ಕೆಳಗೆ ಎರಡು ಉಂಗುರಗಳ ಪಟ್ಟಿಯಿರುವ ಹೆಲ್ಮೆಟು, ಮೇಲುಡುಪೂ ಕೆಳಉಡುಪೂ ಒಂದೇ ಆಗಿರುವ ಅಥವಾ ಜಿಪ್ಪಿನಿಂದ ಕೂಡುವ ಚರ್ಮದ ಸೂಟು, ಮಣಿಕಟ್ಟು ಮುಚ್ಚುವ ಕೈಗವಸು, ಹರಡು ಮುಚ್ಚುವ ಬೂಟು, ಬೆನ್ನಿನ ರಕ್ಷಕ, ಇವುಗಳಲ್ಲಿ ಯಾವುದನ್ನೂ ಮುಂದಿನ ತಿಂಗಳಿಗೆ ಬಿಡುವಂತಿಲ್ಲ. ಬಟ್ಟೆ ಡಾಂಬರಿಗೆ ಉಜ್ಜಿದಾಗ ಕ್ಷಣಮಾತ್ರದಲ್ಲಿ ಹರಿದು ಚರ್ಮವೇ ಉಜ್ಜತೊಡಗುತ್ತದೆ. ದಪ್ಪ ಹಸುವಿನ ಇಲ್ಲವೇ ಕಾಂಗರೂ ಚರ್ಮ ಜಾರಿ ನಿಲ್ಲುವವರೆಗೂ ತಡೆದುಕೊಳ್ಳುತ್ತದೆ.

ಬೈಕನ್ನು ಕೊಳ್ಳದೆಯೇ ಮೊದಲ ಹೆಜ್ಜೆ ಇಡುವ ದಾರಿಯೂ ಇದೆ, ಅದನ್ನು ಕಡೆಯಲ್ಲಿ ಹೇಳುತ್ತಿರುವುದು ಅದರ ಮಹತ್ವ ಕಡಿಮೆಯೆಂದಲ್ಲ. ಗಾಡಿಯನ್ನೂ ಕೆಲವೊಮ್ಮೆ ಉಡುಪನ್ನೂ ತಾವೇ ಬಾಡಿಗೆಗೆ ಒದಗಿಸುವ ತರಬೇತಿ ಶಾಲೆಗಳಿವೆ. ಎಲ್ಲ ಸ್ಪರ್ಧಿಗಳಿಗೂ ಒಂದೇ ಮಾದರಿಯ, ಒಂದೇ ರೀತಿ ಸಜ್ಜುಗೊಳಿಸಿದ ಬೈಕನ್ನು ಕಂಪನಿಯೇ ಕೊಡುವ ‘ಒನ್ ಮೇಕ್’ ಸ್ಪರ್ಧೆಗಳಿವೆ, ಟಿವಿಎಸ್ ಇವುಗಳಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ವರ್ಗವನ್ನು ನಡೆಸಿದೆ. ಇಂಥ ಶಾಲೆಯಲ್ಲಿ ಎರಡು ದಿನ ಕಳೆದವರಿಗೆ ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕಬಾರದು, ಕೆಂಪು ಬಾವುಟ ಕಂಡರೆ ಅವಧಿ ನಿಂತಿದೆ, ನಿಧಾನವಾಗಿ ಪಿಟ್ಟಿಗೆ, ಎಂದರೆ ಟ್ರ್ಯಾಕಿನ ಬದಿಯ ಬೈಕುಗಳ ತಂಗುದಾಣಕ್ಕೆ, ಮರಳಬೇಕು ಎಂಬಂಥ ಶಿಸ್ತು ತಿಳಿಯುವುದರ ಜೊತೆಗೆ, ತಮ್ಮ ಮೊಣಕಾಲಿಗೆ ಎಂಥ ಟ್ಯಾಂಕು ಒಪ್ಪುತ್ತದೆ, ತಮ್ಮ ಕೈಗೆ ಎಷ್ಟು ಬಲ ಹಿತವಾಗುತ್ತದೆ ಎಂಬುದೂ ತಿಳಿದುಬರುತ್ತದೆ. ಆಮೇಲೆ ಮಾಡುವ ಆಯ್ಕೆ ಊಹೆಯದಾಗಿರುವುದಿಲ್ಲ.

ಸಣ್ಣ ಬೈಕಿನಿಂದ ದೊಡ್ಡದಕ್ಕೆ ಯಾವಾಗ ಹೋಗಬೇಕೆಂಬುದಕ್ಕೆ ತಿಂಗಳ ಲೆಕ್ಕವಿಲ್ಲ, ಆದರೆ ಸ್ಟಾಪ್‌ವಾಚಿನ ಲೆಕ್ಕವಿದೆ. ಒಂದು ಅವಧಿಯ ಎಂಟು ಸುತ್ತುಗಳ ಕಾಲ ಒಂದರಿಂದ ಒಂದಕ್ಕೆ ಐದಾರು ಸೆಕೆಂಡು ಏರಿಳಿಯುತ್ತಿರುವವರೆಗೆ ಮಿತಿ ಇರುವುದು ಸವಾರರಲ್ಲಿ, ಬೈಕಿನಲ್ಲಲ್ಲ. ಆ ಎಂಟೂ ಸುತ್ತುಗಳು ಒಂದು ಸೆಕೆಂಡಿನ ಅಂತರದೊಳಗೆ ಬಂದು ನಿಂತು, ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೂ ಅದಕ್ಕಿಂತ ಕೆಳಗಿಳಿಯದಿದ್ದಾಗ, ಮತ್ತು ಅದೇ ಬೈಕಿನ ಮೇಲೆ ಅನುಭವಿ ತರಬೇತುದಾರರು ಓಡಿಸಿದಾಗಲೂ ಸಮಯ ಹೆಚ್ಚೇನೂ ಇಳಿಯದಿದ್ದಾಗ, ಹದಿನೆಂಟು ಅಶ್ವಶಕ್ತಿಯ ಗಾಡಿಯನ್ನು ಇನ್ನೊಬ್ಬ ಹೊಸಬರಿಗೆ ಮಾರಿ ಮೂವತ್ತನಾಲ್ಕರದನ್ನು ಹುಡುಕಲು ಹೊರಡಬಹುದು.